ಗಾಳಿಚಕ್ರದ ಜನಕ ಜಾನ್ ಬಾಯ್ಡ್ ಡನ್‌ಲಪ್

ಡನ್‌ಲಪ್ ಎಂಬುದು ನಮ್ಮ ಕಡೆ ಮನುಷ್ಯನ ಹೆಸರಲ್ಲ. ಮದುವೆಯ ಉಡುಗೊರೆಯಾಗಿ ಬಂದ ಮೆತ್ತನೆಯ ಹಾಸಿಗೆಗೆ ಡನ್‌ಲಪ್ ಎನ್ನುತ್ತಾರೆ. ಬಯಲುಸೀಮೆಯಲ್ಲಿ ರಬ್ಬರ್ ಗಾಲಿಯ ಎತ್ತಿನ ಬಂಡಿಗೆ ಡನ್‌ಲಪ್ ಗಾಡಿ ಎನ್ನುವವರಿದ್ದಾರೆ. ಹೀಗೆ ಒಬ್ಬ ಮನುಷ್ಯನು ವಸ್ತುವಾಗಿ ಹೋಗುವುದು ಕೀರ್ತಿಯೋ ಅಪಕೀರ್ತಿಯೋ ನಾನರಿಯೆ. ಆತನು ಬದುಕಿದ್ದಾಗಲೇ ಈ ಸಂಕಟವನ್ನು ಅನುಭವಿಸಿದನೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಇತಿಹಾಸವನ್ನು ಐಚ್ಛಿಕವಾಗಿ ತೆಗೆದುಕೊಂಡ ಬಿ.ಎ. ವಿದ್ಯಾರ್ಥಿಯೊಬ್ಬನು ಕವಿಯನ್ನೋ ರಾಜನನ್ನೋ ಬಿಟ್ಟು ಟಯರಿನವನ ಚರಿತ್ರೆಗೆ ಏಕೆ ಕೈಹಾಕಿದನೆಂದು ವಾಚಕರು ಕೇಳಬಹುದು. ಅದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ನಮ್ಮ ಮನೆ ಇರುವುದು ಅಪ್ಸರಕೊಂಡದಲ್ಲಿ. ಹೊನ್ನಾವರದಿಂದ ಶರಾವತಿಯ ಸೇತುವೆ ದಾಟಿ ದಕ್ಷಿಣಕ್ಕೆ ಬಂದರೆ ಹೆದ್ದಾರಿಯಿಂದ ಸಮುದ್ರದ ಕಡೆಗೆ ಒಂದು ದಾರಿ ಒಡೆಯುತ್ತದೆ. ಗುಡ್ಡದ ಮೇಲೆ ದೇವಸ್ಥಾನ, ಕೆಳಗೆ ಸಣ್ಣ ಜಲಪಾತ ಮತ್ತು ಅಪ್ಸರೆಯರು ಮೀಯುತ್ತಿದ್ದರೆಂದು ಹಿರಿಯರು ಹೇಳುವ ಕೊಂಡ. ಜಲಪಾತವನ್ನೂ ಕಡಲನ್ನೂ ನೋಡಬರುವ ಪ್ರವಾಸಿಗರನ್ನು ಕರೆತರುವುದು ನನ್ನ ಅಣ್ಣನ ಕಸುಬು. ಅವನು ಹತ್ತನೆಯ ತರಗತಿಗೆ ಓದು ನಿಲ್ಲಿಸಿದನು. ನಾನು ಕಾಲೇಜಿಗೆ ಬಂದೆನು. ಈ ಎರಡು ಸಂಗತಿಗಳ ನಡುವೆ ಇರುವ ಸಂಬಂಧವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅವನ ಕಾರು ಸಾಲದ ಮೇಲೆ ಕೊಂಡ ಹಳೆಯ ಕಾರು.

ಕಳೆದ ಆಷಾಢದ ಒಂದು ರಾತ್ರಿ ನೆರೆಮನೆಯ ಅಕ್ಕನಿಗೆ ಹೆರಿಗೆಯ ನೋವು ಕಾಣಿಸಿಕೊಂಡಿತು. ಧಾರಾಕಾರ ಮಳೆ. ಅಣ್ಣನು ಕಾರು ತೆಗೆದನು. ಟಾರ್ಚು ಹಿಡಿದು ನಾನೂ ಹೋದೆನು. ಹೆದ್ದಾರಿ ಇನ್ನೂ ಮುಟ್ಟಿರಲಿಲ್ಲ, ಹಿಂದಿನ ಎಡಗಾಲಿ ಕುಸಿಯಿತು. ಸ್ಟೆಪ್ನಿ ಇಳಿಸಿ ಹಾಕಿದೆವು. ಜಾಕು ತಗ್ಗಿಸಿದೊಡನೆ ಅದೂ ನೆಲಕ್ಕೆ ಚಪ್ಪಟೆಯಾಗಿ ಕುಳಿತಿತು. ಒಂದು ವರ್ಷದಿಂದ ಡಿಕ್ಕಿಯಲ್ಲಿ ಬಿದ್ದಿದ್ದ ಆ ಗಾಲಿಯಲ್ಲಿ ಗಾಳಿ ಇದೆಯೇ ಇಲ್ಲವೇ ಎಂದು ಯಾರೂ ನೋಡಿರಲಿಲ್ಲ. ಆ ಹೊತ್ತಿನಲ್ಲಿ ಯಾವ ಪಂಚರ್ ಅಂಗಡಿ ತೆರೆದಿರುತ್ತದೆ? ರಿಕ್ಷಾ ಒಂದು ಬರುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಅಷ್ಟು ಹೊತ್ತೂ ಆ ಅಕ್ಕ ಹಿಂದಿನ ಸೀಟಿನಲ್ಲಿ ನರಳುತ್ತಿದ್ದಳು. ಅಣ್ಣ ಮಳೆಯಲ್ಲಿ ನೆನೆಯುತ್ತ ಹೊರಗೆ ನಿಂತಿದ್ದನು. ದೈವಕೃಪೆಯಿಂದ ತಾಯಿ ಮಗು ಇಬ್ಬರೂ ಕ್ಷೇಮ. ನೆರೆಮನೆಯವರು ಒಂದು ಮಾತನ್ನೂ ಅನ್ನಲಿಲ್ಲ. ಅಣ್ಣ ಮಾತ್ರ ಮರುದಿನ ಊಟಕ್ಕೆ ಕೂರಲಿಲ್ಲ.

ಮೂರನೆಯ ದಿನ ಅವನು ಕಾರಿನಲ್ಲೇ ಇಟ್ಟುಕೊಳ್ಳುವಂತಹ ಸಣ್ಣ ಗಾಳಿಯಂತ್ರವೊಂದನ್ನು, ಎಂದರೆ ಕಂಪ್ರೆಸರನ್ನು ಕೊಳ್ಳುವೆನೆಂದನು. ಯಾವುದನ್ನು ಕೊಳ್ಳಬೇಕು? ಬಗೆಬಗೆಯವು ಇವೆ, ಎಲ್ಲದರ ಡಬ್ಬಿಯ ಮೇಲೂ ದೊಡ್ಡ ದೊಡ್ಡ ಅಂಕೆಗಳಿವೆ. ಕಾಲೇಜು ಓದುವವನು ನೀನು, ನೀನೇ ಆರಿಸು ಎಂದು ಆ ಭಾರವನ್ನು ನನ್ನ ತಲೆಯ ಮೇಲೆ ಹಾಕಿದನು. ನಾನು ಗ್ರಂಥಾಲಯಕ್ಕೆ ಹೋದುದು ಕಂಪ್ರೆಸರಿಗಾಗಿ. ಕೈಗೆ ಸಿಕ್ಕಿದವನು ಡನ್‌ಲಪ್.

ಜಾನ್ ಬಾಯ್ಡ್ ಡನ್‌ಲಪ್ ಹುಟ್ಟಿದುದು ೧೮೪೦ನೆಯ ಇಸವಿ ಫೆಬ್ರವರಿ ೫ರಂದು, ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತದ ಡ್ರೆಗ್‌ಹಾರ್ನ್ ಎಂಬ ಹಳ್ಳಿಯಲ್ಲಿ. ತಂದೆ ಬೇಸಾಯಗಾರ. ಹೊಲಮನೆಯ ಹುಡುಗನಿಗೆ ದನ ಕುದುರೆಗಳ ಸಹವಾಸ ಹುಟ್ಟಿನಿಂದ ಬಂದದ್ದು. ಅವನು ಎಡಿನ್‌ಬರೋ ನಗರಕ್ಕೆ ಹೋಗಿ ಅಲ್ಲಿನ ಪ್ರಸಿದ್ಧ ಪಶುವೈದ್ಯ ಶಾಲೆಯಲ್ಲಿ ವ್ಯಾಸಂಗ ಮಾಡಿ, ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಪಶುವೈದ್ಯನಾದನು. ನಮ್ಮಲ್ಲಿ ಅನೇಕರ ಈಗಿನ ವಯಸ್ಸು ಅದು. ಕೆಲವು ವರ್ಷ ಎಡಿನ್‌ಬರೋದಲ್ಲಿಯೇ ಇದ್ದು, ೧೮೬೭ರ ಸುಮಾರಿಗೆ ಸಮುದ್ರ ದಾಟಿ ಐರ್ಲೆಂಡಿಗೆ ಬಂದನು. ಮೊದಲು ಡೌನ್‌ಪ್ಯಾಟ್ರಿಕ್ ಎಂಬ ಊರಿನಲ್ಲಿ ತಮ್ಮನೊಡನೆ ಚಿಕಿತ್ಸಾಲಯ. ಆಮೇಲೆ ಬೆಲ್‌ಫಾಸ್ಟ್ ನಗರದ ಮೇ ಬೀದಿಯಲ್ಲಿ ಸ್ವಂತದ್ದು. ವೃತ್ತಿ ಚೆನ್ನಾಗಿ ಬೆಳೆಯಿತು. ಕುದುರೆಗಳಿಗೆ ಲಾಳ ಕಟ್ಟುವ ಆಳುಗಳೇ ಹತ್ತು ಹನ್ನೆರಡು ಮಂದಿ ಅವನ ಕೈಕೆಳಗೆ ಇದ್ದರೆಂದು ಹೇಳುತ್ತಾರೆ. ನಲವತ್ತೇಳನೆಯ ವಯಸ್ಸಿನವರೆಗೆ ಅವನ ಜೀವನದಲ್ಲಿ ಚರಿತ್ರೆಕಾರನು ಬರೆದುಕೊಳ್ಳುವಂತಹುದು ಬೇರೇನೂ ಇಲ್ಲ. ದೊಡ್ಡ ಗಡ್ಡ, ಮಿತವಾದ ಮಾತು, ಹೆಂಡತಿ, ಒಬ್ಬ ಮಗಳು, ಒಬ್ಬ ಮಗ.

ಆದರೆ ಪಶುವೈದ್ಯನು ಕಾಣುವುದನ್ನು ಇತರರು ಕಾಣುವುದಿಲ್ಲ. ಆ ಕಾಲದ ಗಾಡಿಗಳ ಗಾಲಿಗೆ ಕಬ್ಬಿಣದ ಪಟ್ಟಿ. ಸೈಕಲ್ಲುಗಳಿಗೆ ಗಟ್ಟಿ ರಬ್ಬರಿನ ಪಟ್ಟಿ. ಬೀದಿಗಳಿಗೆ ಚಪ್ಪಡಿಗಲ್ಲು. ಗಟ್ಟಿ ಗಾಲಿಯು ಒಂದು ಕಲ್ಲನ್ನು ಎದುರಿಸಿದಾಗ ಗಾಡಿಯ ಸಮಸ್ತ ಭಾರವೂ ಆ ಕಲ್ಲನ್ನು ಹತ್ತಿ ಇಳಿಯಬೇಕು. ಹಾಗೆ ಎತ್ತುವ ಶಕ್ತಿ ಎಲ್ಲಿಂದ ಬರಬೇಕು? ಕುದುರೆಯ ಹೆಗಲಿನಿಂದ. ದಿನವಿಡೀ ಆ ಹೆಗಲುಗಳನ್ನೂ ಸವೆದ ಗೊರಸುಗಳನ್ನೂ ನೋಡುತ್ತಿದ್ದವನಿಗೆ ದೋಷವು ಕುದುರೆಯದಲ್ಲ, ಗಾಲಿಯದು ಎಂದು ತೋರಿದುದರಲ್ಲಿ ಆಶ್ಚರ್ಯವೇನು? ಇದು ನನ್ನ ಊಹೆ. ಕುದುರೆಯ ವೈದ್ಯನ ತಲೆಯಲ್ಲಿ ಗಾಲಿಯ ವಿಚಾರ ಹುಟ್ಟಿದುದಕ್ಕೆ ಇದಕ್ಕಿಂತ ಸಹಜವಾದ ಕಾರಣ ನನಗೆ ಕಾಣುವುದಿಲ್ಲ.

ನೆಪವಾಗಿ ಒದಗಿದವನು ಮಗ ಜಾನಿ. ಒಂಬತ್ತು ಹತ್ತು ವರ್ಷದ ಈ ಹುಡುಗನಿಗೆ ಒಂದು ಮೂರು ಗಾಲಿಯ ಸೈಕಲ್ಲಿತ್ತು. ಬೆಲ್‌ಫಾಸ್ಟಿನ ಕಲ್ಲುಹಾಸಿನ ಮೇಲೆ ಅದನ್ನು ತುಳಿದರೆ ಹುಡುಗನ ಮೈಯೆಲ್ಲ ಅಲುಗಿ ಹೋಗುತ್ತಿತ್ತು; ವೇಗವೂ ಬರುತ್ತಿರಲಿಲ್ಲ. ಇದಕ್ಕೆ ಏನಾದರೂ ಮಾಡು ಎಂದು ಮಗನು ದುಂಬಾಲು ಬಿದ್ದನೆಂದು ಪ್ರತೀತಿ. ೧೮೮೭ರ ಅಕ್ಟೋಬರದಲ್ಲಿ ತಂದೆ ತನ್ನ ಅಂಗಳದಲ್ಲಿ ಪ್ರಯೋಗಕ್ಕೆ ತೊಡಗಿದನು. ಪಶುವೈದ್ಯನ ಬಳಿ ರಬ್ಬರಿನ ಹಾಳೆಗಳೂ ಕೊಳವೆಗಳೂ ಇದ್ದೇ ಇರುತ್ತವೆ. ತೆಳುವಾದ ಹಾಳೆಯನ್ನು ಸೇರಿಸಿ ಅಂಟಿಸಿ ಒಂದು ಕೊಳವೆ ಮಾಡಿದನು. ಸುಮಾರು ಮೂರಡಿ ಅಡ್ಡಳತೆಯ ಮರದ ಬಿಲ್ಲೆಯೊಂದರ ಅಂಚಿಗೆ ಅದನ್ನು ಸುತ್ತಿದನು. ಮೇಲೆ ಬಟ್ಟೆಯ ಹೊದಿಕೆ ಹಾಕಿ ಮೊಳೆ ಬಡಿದನು. ಇನ್ನು ಗಾಳಿ ತುಂಬಬೇಕು. ಮನೆಯಲ್ಲಿದ್ದುದು ಮಗನ ಫುಟ್‌ಬಾಲಿನ ಪಂಪು. ಅದರಿಂದಲೇ ಗಾಳಿ ಹೊಡೆದು, ತುಂಬಿದ ಮೇಲೆ ಬಾಯಿ ಕಟ್ಟಿಬಿಟ್ಟನು.

ಈ ಒಂದು ವಿವರವನ್ನು ಓದಿದಾಗ ನಾನು ಗ್ರಂಥಾಲಯದ ಬೆಂಚಿನ ಮೇಲೆ ನಗುತ್ತ ಕುಳಿತೆನು. ಯಾವ ಗಾಳಿಯಂತ್ರವನ್ನು ಕೊಳ್ಳುವುದೆಂದು ನಮ್ಮ ಮನೆಯಲ್ಲಿ ಮೂರು ದಿನ ಚರ್ಚೆ ನಡೆದಿದ್ದಿತು. ಡನ್‌ಲಪ್ಪನ ಮೊದಲ ಟಯರಿಗೆ ಗಾಳಿ ಹೊಡೆದದ್ದು ಮಗುವಿನ ಆಟದ ಸಾಮಾನು.

ಬಳಿಕ ಅವನು ಮಾಡಿದ ಪರೀಕ್ಷೆ ಬಹಳ ಸರಳವಾದದ್ದು. ಸೈಕಲ್ಲಿನ ಹಳೆಯ ಗಾಲಿಯನ್ನು ಅಂಗಳದಲ್ಲಿ ಉರುಳಿಬಿಟ್ಟನು. ಅದು ಅರ್ಧ ದಾರಿಯಲ್ಲಿ ವಾಲಿ ಬಿದ್ದಿತು. ಗಾಳಿ ತುಂಬಿದ ಬಿಲ್ಲೆಯನ್ನು ಅಷ್ಟೇ ಬಲದಿಂದ ಉರುಳಿಬಿಟ್ಟನು. ಅದು ಅಂಗಳದ ಉದ್ದಕ್ಕೂ ಓಡಿ, ಬಾಗಿಲ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು. ಲೆಕ್ಕವಿಲ್ಲ, ಸೂತ್ರವಿಲ್ಲ. ಗಟ್ಟಿ ಗಾಲಿ ಕಲ್ಲನ್ನು ಹತ್ತುತ್ತದೆ. ಗಾಳಿಯ ಗಾಲಿ ಕಲ್ಲನ್ನು ನುಂಗುತ್ತದೆ. ಹತ್ತುವುದರಲ್ಲಿ ಕಳೆದುಹೋಗುತ್ತಿದ್ದ ಶಕ್ತಿ ಓಡುವುದಕ್ಕೆ ಉಳಿಯಿತು. ಮುಂದೆ ಮಗನ ಸೈಕಲ್ಲಿನ ಹಿಂದಿನ ಎರಡು ಗಾಲಿಗಳಿಗೆ ಇಂತಹ ಟಯರನ್ನು ಕಟ್ಟಿದನು. ೧೮೮೮ರ ಆರಂಭದಲ್ಲಿ ಒಂದು ರಾತ್ರಿ ಹುಡುಗನು ಅದನ್ನೇರಿ ಬೀದಿಯಲ್ಲಿ ಸವಾರಿ ಹೋದನು. ಲೋಕದ ಮೊದಲ ಟಯರ್ ಪರೀಕ್ಷಕನು ಒಬ್ಬ ಶಾಲಾ ಬಾಲಕನೆನ್ನಬೇಕು.

ಡನ್‌ಲಪ್ ೧೮೮೮ರ ಜುಲೈಯಲ್ಲಿ ಸನ್ನದಿಗೆ ಅರ್ಜಿ ಹಾಕಿದನು. ಡಿಸೆಂಬರ್ ೭ರಂದು ಅದು ಮಂಜೂರಾಯಿತು. ಬೆಲ್‌ಫಾಸ್ಟಿನ ಎಡ್ಲಿನ್ ಎಂಬ ಸೈಕಲ್ ತಯಾರಕರು ಹೊಸ ಟಯರಿಗೆ ಹೊಂದುವ ಸೈಕಲ್ಲುಗಳನ್ನು ಕಟ್ಟಲಾರಂಭಿಸಿದರು. ಈಗ ಬೇಕಾದದ್ದು ಅದನ್ನು ಏರುವ ಧೈರ್ಯಶಾಲಿ. ಅಂತಹವನೊಬ್ಬನು ಸಿಕ್ಕಿದನು, ಬೆಲ್‌ಫಾಸ್ಟ್ ಕ್ರೂಸರ್ಸ್ ಎಂಬ ಸೈಕಲ್ ಸಂಘದ ನಾಯಕ ವಿಲ್ಲಿ ಹ್ಯೂಮ್. ಮಹಾ ಪ್ರಚಂಡ ಸವಾರನೇನಲ್ಲ. ೧೮೮೯ರ ಮೇ ೧೮ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟ. ನಮ್ಮ ವಾರ್ಷಿಕ ಕ್ರೀಡೋತ್ಸವದಂತೆಯೇ ಇದ್ದಿರಬೇಕು. ದಪ್ಪನೆಯ ಟಯರುಗಳ ವಿಚಿತ್ರ ವಾಹನದೊಡನೆ ಹ್ಯೂಮ್ ಬಂದಾಗ ಸೇರಿದ ಜನರು ನಕ್ಕರು. ಸೈಕಲ್ ಪಂದ್ಯಗಳು ನಾಲ್ಕು. ನಾಲ್ಕನ್ನೂ ಹ್ಯೂಮ್ ಗೆದ್ದನು. ಕೆಲ ದಿನಗಳಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋಗಿ ಅಲ್ಲಿಯೂ ಒಂದನ್ನುಳಿದು ಎಲ್ಲವನ್ನೂ ಗೆದ್ದುಕೊಂಡು ಬಂದನು. ಅಲ್ಲಿಗೆ ನಗು ನಿಂತಿತು.

ಸೋತವರಲ್ಲಿ ಡಬ್ಲಿನ್ ನಗರದ ಕಾಗದದ ವ್ಯಾಪಾರಿ ಹಾರ್ವೆ ಡು ಕ್ರಾಸ್ ಎಂಬವನ ಮಕ್ಕಳೂ ಇದ್ದರು. ಈತನು ಐರಿಷ್ ಸೈಕಲ್ ಸವಾರರ ಸಂಘದ ಅಧ್ಯಕ್ಷ, ವ್ಯವಹಾರದಲ್ಲಿ ಪಕ್ಕಾ ಮನುಷ್ಯ. ಮಕ್ಕಳು ಸೋತದ್ದಕ್ಕೆ ಬೇರೆ ತಂದೆಯಾಗಿದ್ದರೆ ಕೋಪಿಸಿಕೊಳ್ಳುತ್ತಿದ್ದನು. ಡು ಕ್ರಾಸ್ ಗೆದ್ದವನ ಗಾಲಿಯನ್ನು ನೋಡಿದನು. ಅದೇ ವರ್ಷದ ಕೊನೆಯಲ್ಲಿ ಡಬ್ಲಿನ್ನಿನಲ್ಲಿ ಕಂಪನಿಯೊಂದು ಸ್ಥಾಪನೆಯಾಯಿತು. ಡನ್‌ಲಪ್ ತನ್ನ ಸನ್ನದನ್ನು ಆ ಕಂಪನಿಗೆ ವಹಿಸಿ, ಪ್ರತಿಯಾಗಿ ೧,೫೦೦ ಷೇರುಗಳನ್ನು ಪಡೆದನು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ೧೮೯೦ರಲ್ಲಿ ಸಿಡಿಲೊಂದು ಎರಗಿತು. ಡನ್‌ಲಪ್ಪನಿಗೆ ಸುಮಾರು ನಲವತ್ತೆರಡು ವರ್ಷ ಮೊದಲೇ, ೧೮೪೫ರ ಡಿಸೆಂಬರಿನಲ್ಲಿ, ಸ್ಕಾಟ್ಲೆಂಡಿನವನೇ ಆದ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇಪ್ಪತ್ತಮೂರು ವರ್ಷದ ತರುಣನು ಗಾಳಿಯ ಗಾಲಿಗೆ ಸನ್ನದು ಪಡೆದಿದ್ದನು! ಅವನ ಗಾಲಿಗಳನ್ನು ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆಗಾಡಿಗೆ ಕಟ್ಟಿ ಪ್ರದರ್ಶಿಸಿಯೂ ಇದ್ದರು. ಒಂದು ಜೊತೆ ೧,೨೦೦ ಮೈಲಿ ಓಡಿತೆಂದು ದಾಖಲೆಯಿದೆ. ಆದರೆ ಆಗ ಸೈಕಲ್ಲು ಇನ್ನೂ ಬಳಕೆಗೆ ಬಂದಿರಲಿಲ್ಲ, ಮೋಟಾರು ಹುಟ್ಟಿರಲಿಲ್ಲ. ತೆಳುವಾದ ಒಳ್ಳೆಯ ರಬ್ಬರು ಸಿಗುವುದೂ ಕಷ್ಟವಾಗಿತ್ತು. ಥಾಮ್ಸನ್ ೧೮೭೩ರಲ್ಲಿ ತೀರಿಹೋದನು, ಅವನ ಗಾಳಿಗಾಲಿಯೂ ಮರೆತುಹೋಯಿತು. ಡನ್‌ಲಪ್ ಅವನ ಹೆಸರನ್ನೂ ಕೇಳಿರಲಿಲ್ಲ. ಅದೇನಿದ್ದರೂ ಕಾನೂನು ಕಾನೂನೇ. ಡನ್‌ಲಪ್ಪನ ಸನ್ನದು ಅಸಿಂಧುವೆಂದು ತೀರ್ಮಾನವಾಯಿತು. ಹಾಗಾದರೆ ಗಾಳಿಚಕ್ರದ ಜನಕನೆಂಬ ಬಿರುದನ್ನು ನಾನು ಶೀರ್ಷಿಕೆಯಲ್ಲಿ ಡನ್‌ಲಪ್ಪನಿಗೆ ಕೊಟ್ಟದ್ದು ಸರಿಯೇ? ನಮ್ಮ ಇತಿಹಾಸದ ಅಧ್ಯಾಪಕರು ಇದನ್ನು ಒಪ್ಪಲಿಕ್ಕಿಲ್ಲ. ಮೊದಲು ಕಂಡವನು ಥಾಮ್ಸನ್. ಆದರೆ ಲೋಕ ಓಡಿದ್ದು ಡನ್‌ಲಪ್ಪನ ಗಾಲಿಯ ಮೇಲೆ. ಶೀರ್ಷಿಕೆಯನ್ನು ಬದಲಿಸುವುದಿಲ್ಲ.

ಕಂಪನಿ ಮುಳುಗಲಿಲ್ಲ. ಡು ಕ್ರಾಸ್ ಇತರರ ಸನ್ನದುಗಳನ್ನು ಕೊಂಡು ಕೋಟೆ ಕಟ್ಟಿದನು. ಮೊದಮೊದಲಿನ ಟಯರುಗಳನ್ನು ಗಾಲಿಯ ಚೌಕಟ್ಟಿಗೆ ಅಂಟಿಸಿಯೇ ಬಿಡುತ್ತಿದ್ದರು. ಪಂಚರಾದರೆ ಬಿಚ್ಚಿ ಸರಿಪಡಿಸಿ ಮತ್ತೆ ಅಂಟಿಸುವುದಕ್ಕೆ ಗಂಟೆಗಟ್ಟಲೆ ಬೇಕು. ವೆಲ್ಚ್ ಎಂಬವನು ಟಯರಿನ ಅಂಚಿಗೆ ತಂತಿ ಸೇರಿಸುವ ಉಪಾಯವನ್ನು ಕಂಡನು. ಬಾರ್ಟ್‌ಲೆಟ್ ಎಂಬವನು ದಪ್ಪ ಅಂಚನ್ನು ಚೌಕಟ್ಟಿಗೆ ಸಿಕ್ಕಿಸುವುದನ್ನು ಕಂಡನು. ಇವೆರಡೂ ೧೮೯೦ರ ಸುಮಾರಿನವು. ಮರುವರ್ಷ ವುಡ್ಸ್ ಎಂಬವನ ವಾಲ್ವು ಬಂದಿತು. ನಮ್ಮೂರಿನ ಹಳೆಯ ಸೈಕಲ್ಲುಗಳಲ್ಲಿ ಇಂದಿಗೂ ಇರುವುದು ಇದೇ ಜಾತಿಯ ವಾಲ್ವು. ಅಮೆರಿಕದ ಷ್ರೇಡರ್ ಮನೆತನದವರ ವಾಲ್ವಿಗೆ ೧೮೯೩ರಲ್ಲಿ ಸನ್ನದಾಯಿತು. ಕಾರಿನ ಗಾಲಿಯಲ್ಲಿ ನಡುವೆ ಸಣ್ಣ ಸೂಜಿಯಿರುವ ಮೊಳೆಯಂತೆ ಕಾಣುವುದು ಅದೇ. ಒಳಗಿನ ಗಾಳಿಯೇ ಬಾಗಿಲನ್ನು ಒತ್ತಿ ಮುಚ್ಚಿಕೊಳ್ಳುತ್ತದೆ. ಹೊರಗಿನ ಗಾಳಿ ಅದಕ್ಕಿಂತ ಬಲವಾಗಿ ನೂಕಿದರೆ ಮಾತ್ರ ತೆರೆಯುತ್ತದೆ. ಬಾಯಿ ಕಟ್ಟಿದ ಫುಟ್‌ಬಾಲಿನಿಂದ ಇಲ್ಲಿಗೆ ಬರಲು ಆರೇ ವರ್ಷ ಹಿಡಿಯಿತು.

ಕಾರಿಗೆ ಗಾಳಿಯ ಟಯರು ಹಾಕಿ ತೋರಿಸಿದ ಕೀರ್ತಿ ಫ್ರಾನ್ಸಿನ ಮಿಷೆಲಿನ್ ಸಹೋದರರಿಗೆ ಸಲ್ಲಬೇಕು. ೧೮೯೫ರ ಪ್ಯಾರಿಸ್ ಬೋರ್ಡೊ ಪಂದ್ಯದಲ್ಲಿ ಅವರು ತಮ್ಮ ಕಾರನ್ನು ತಾವೇ ಓಡಿಸಿದರು. ದಾರಿಯುದ್ದಕ್ಕೂ ಪಂಚರುಗಳ ಸುರಿಮಳೆ, ಪಂದ್ಯ ಗೆಲ್ಲಲಿಲ್ಲ, ಆದರೂ ಕಾರು ಗಾಳಿಯ ಮೇಲೆ ಓಡಬಲ್ಲುದೆಂದು ಜಗತ್ತು ಕಂಡಿತು. ಕೆಟ್ಟ ಗಾಲಿಗೆ ಬದಲಿಯಾಗಿ ಗಾಳಿ ತುಂಬಿದ ಇನ್ನೊಂದನ್ನು ಜೊತೆಗೇ ಒಯ್ಯುವ ಯುಕ್ತಿ ೧೯೦೪ರದು, ವೇಲ್ಸ್ ದೇಶದ ಲನೆಲ್ಲಿ ಪಟ್ಟಣದ ಡೇವಿಸ್ ಸಹೋದರರದು. ಅವರ ಅಂಗಡಿ ಇದ್ದ ಬೀದಿಯ ಹೆಸರು ಸ್ಟೆಪ್ನಿ ಬೀದಿ. ಇಂಗ್ಲಿಷರು ಆ ಮಾತನ್ನು ಮರೆತಿದ್ದಾರೆ, ಹೊನ್ನಾವರದ ಟಯರ್ ಅಂಗಡಿಯವರು ಉಳಿಸಿಕೊಂಡಿದ್ದಾರೆ.

ಇತ್ತ ಡನ್‌ಲಪ್ಪನ ಗತಿಯೇನಾಯಿತು? ಅವನಿಗೂ ಕಂಪನಿಯ ವ್ಯವಹಾರಸ್ಥರಿಗೂ ಹೊಂದಲಿಲ್ಲ. ಆಡಳಿತ ಮಂಡಲಿಯಿಂದ ೧೮೯೫ರಲ್ಲಿ ಹೊರಬಿದ್ದು ತನ್ನ ಷೇರುಗಳನ್ನು ಮಾರಿಕೊಂಡನು. ಮರುವರ್ಷವೇ ಹೂಲಿ ಎಂಬ ಹಣದ ಸಾಹಸಿಯೊಬ್ಬನು ಕಂಪನಿಯನ್ನು ೩೦ ಲಕ್ಷ ಪೌಂಡಿಗೆ ಕೊಂಡು ೫೦ ಲಕ್ಷ ಪೌಂಡಿಗೆ ಸಾರ್ವಜನಿಕರಿಗೆ ಮಾರಿದನು. ಕಾಗದದ ಮೇಲಿನ ಈ ಆಟದಲ್ಲಿ ಹುಟ್ಟಿದ ೨೦ ಲಕ್ಷ ಪೌಂಡಿನಲ್ಲಿ, ಅಂಗಳದಲ್ಲಿ ರಬ್ಬರು ಅಂಟಿಸಿದವನಿಗೆ ಒಂದು ಕಾಸೂ ಇಲ್ಲ. ಹೂಲಿಯೇನು ಬಾಳಿದನೇ? ಎರಡು ವರ್ಷದಲ್ಲಿ ದಿವಾಳಿ ತೆಗೆದನು. ಡನ್‌ಲಪ್ ಡಬ್ಲಿನ್ನಿನಲ್ಲಿ ಜವಳಿ ವ್ಯಾಪಾರದಲ್ಲಿ ಪಾಲು ಇಟ್ಟುಕೊಂಡು, ಹೆಚ್ಚಿನ ಸಿರಿಯೂ ಇಲ್ಲದೆ ಕೊರತೆಯೂ ಇಲ್ಲದೆ ಕಾಲ ಕಳೆದನು.

ಹೆಸರು ಮಾತ್ರ ಕಂಪನಿಯ ಬಳಿಯೇ ಉಳಿಯಿತು, ಹೆಸರಿನೊಡನೆ ಮುಖವೂ. ಜಾಹೀರಾತುಗಳಲ್ಲಿ ಡನ್‌ಲಪ್ಪನ ಗಡ್ಡದ ತಲೆಯನ್ನು ಬಳಸಿ, ಅದರ ಕೆಳಗೆ ಷೋಕಿಲಾಲನ ವೇಷದ ಮೈಯನ್ನು ಚಿತ್ರಿಸಿ, ಎತ್ತರದ ಟೋಪಿ ಬೆತ್ತಗಳೊಡನೆ ಬೀದಿ ಬೀದಿಗಳಲ್ಲಿ ಅಂಟಿಸಿದರು. ಸರಳವಾಗಿ ಬದುಕಿದ ವೃದ್ಧ ಪಶುವೈದ್ಯನಿಗೆ ಇದನ್ನು ಸಹಿಸುವುದಾಗಲಿಲ್ಲ. ತನ್ನ ಹೆಸರನ್ನೇ ಹೊತ್ತ ಕಂಪನಿಯ ಮೇಲೆ ತಾನೇ ಮಾನಹಾನಿಯ ಖಟ್ಲೆ ಹೂಡಿದನು. ಡನ್‌ಲಪ್ ವಿರುದ್ಧ ಡನ್‌ಲಪ್ ಎಂಬ ಆ ಖಟ್ಲೆ ಬ್ರಿಟನ್ನಿನ ಅತ್ಯುಚ್ಚ ನ್ಯಾಯಪೀಠವಾಗಿದ್ದ ಲಾರ್ಡ್ಸ್ ಸಭೆಯವರೆಗೂ ಏರಿತು. ಆಗ ಅವನಿಗೆ ಎಂಬತ್ತರ ವಯಸ್ಸು. ಆ ವಯಸ್ಸಿನಲ್ಲಿ ಅವನು ಹೋರಾಡಿದುದು ಹಣಕ್ಕಲ್ಲ. ತಾನು ಬೀದಿಗೋಡೆಯ ಗೊಂಬೆಯಲ್ಲವೆಂದು ಹೇಳುವುದಕ್ಕೆ.

ಟಯರಿನ ಕಥೆ ಹೇಳುವಾಗ ರಬ್ಬರಿನ ಕಥೆಯನ್ನು ಮುಚ್ಚಿಡುವುದು ಅಪ್ರಾಮಾಣಿಕತನವಾಗುತ್ತದೆ. ಸೈಕಲ್ಲು ಮೋಟಾರುಗಳಿಗೆ ರಬ್ಬರಿನ ದಾಹ ಹುಟ್ಟಿದಾಗ ಅದು ದೊರೆಯುತ್ತಿದ್ದುದು ಬ್ರೆಜಿಲ್ ಮತ್ತು ಆಫ್ರಿಕದ ಕಾಡುಗಳಲ್ಲಿ. ಆಫ್ರಿಕದ ಕಾಂಗೋ ದೇಶವನ್ನು ೧೮೮೫ರಿಂದ ೧೯೦೮ರವರೆಗೆ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನು ತನ್ನ ಖಾಸಗಿ ಆಸ್ತಿಯಂತೆ ಆಳಿದನು. ನಿಗದಿಯಾದಷ್ಟು ರಬ್ಬರು ತಾರದ ಹಳ್ಳಿಗರನ್ನು ಕೊಂದರು, ಕೈ ಕತ್ತರಿಸಿದರು, ಹೆಂಗಸರನ್ನು ಒತ್ತೆಯಿಟ್ಟುಕೊಂಡರು. ಇದನ್ನು ೧೯೦೪ರ ತನ್ನ ವರದಿಯಲ್ಲಿ ಬಯಲಿಗೆಳೆದ ಬ್ರಿಟಿಷ್ ಅಧಿಕಾರಿ ರೋಜರ್ ಕೇಸ್‌ಮೆಂಟ್ ಡಬ್ಲಿನ್ನಿನಲ್ಲಿ ಹುಟ್ಟಿದವನು. ಡನ್‌ಲಪ್ ನೆಲೆಸಿದ ಊರಿನವನೇ. ಮಗನ ಮೈನೋವು ಕಳೆಯಲು ಒಬ್ಬ ತಂದೆ ಮಾಡಿದ ವಸ್ತುವು ಮತ್ತೊಂದು ಖಂಡದ ತಂದೆಯರ ಕೈಗಳನ್ನು ಕಡಿಸಿತು. ಡನ್‌ಲಪ್ಪನನ್ನು ಇದಕ್ಕೆ ಹೊಣೆ ಮಾಡುವಂತಿಲ್ಲ. ಆದರೂ ಓದಿದ ಮೇಲೆ ಅಣ್ಣನ ಕಾರಿನ ಗಾಲಿಯನ್ನು ಮೊದಲಿನಂತೆ ನೋಡಲು ನನ್ನಿಂದಾಗಲಿಲ್ಲ. ಬ್ರೆಜಿಲಿನಿಂದ ೧೮೭೬ರಲ್ಲಿ ವಿಕ್‌ಹ್ಯಾಂ ಎಂಬವನು ಸಾಗಿಸಿದ ಬೀಜಗಳಿಂದ ಸಿಂಹಳ, ಮಲಯಗಳಲ್ಲಿ ತೋಟಗಳು ಎದ್ದ ಮೇಲೆ ಕಾಡುರಬ್ಬರಿನ ಕಾಲ ಮುಗಿಯಿತು.

ನಮ್ಮ ದೇಶದಲ್ಲಿ ಡನ್‌ಲಪ್ ಕಂಪನಿಯು ಬಂಗಾಳದ ಹೂಗ್ಲಿ ಜಿಲ್ಲೆಯ ಸಹಾಗಂಜಿನಲ್ಲಿ ೧೯೩೬ರಲ್ಲಿ ಕಾರ್ಖಾನೆ ತೆರೆಯಿತು. ಈಗ ಅದರ ಬಾಗಿಲು ಮುಚ್ಚಿದೆ. ಮೈಸೂರಿನಲ್ಲಿ ವಿಕ್ರಾಂತ್ ಟಯರಿನ ಕಾರ್ಖಾನೆ ಎದ್ದು, ಮುಂದೆ ಜೆ.ಕೆ. ಟಯರಿನವರ ಕೈಸೇರಿತು. ಇವೆಲ್ಲಕ್ಕಿಂತ ನನಗೆ ಹೆಚ್ಚೆನಿಸುವುದು ಆ ಟಯರಿನ ಎತ್ತಿನ ಗಾಡಿ. ಕಬ್ಬಿಣದ ಪಟ್ಟಿಯ ಬಂಡಿಯನ್ನು ಏರಿನಲ್ಲಿ ಎಳೆಯುವಾಗ ಎತ್ತಿನ ಕಣ್ಣು ಹೊರಬರುವುದನ್ನು ಕಂಡವರಿಗೆ ಅದರ ಬೆಲೆ ತಿಳಿದೀತು. ಪಶುವೈದ್ಯನ ಕೆಲಸ ಪಶುವಿಗೇ ಮುಟ್ಟಿತು.

ಡನ್‌ಲಪ್ ೧೯೨೧ರ ಅಕ್ಟೋಬರ್ ೨೩ರಂದು ಡಬ್ಲಿನ್ನಿನ ತನ್ನ ಮನೆಯಲ್ಲಿ ತೀರಿಕೊಂಡನು. ಅಲ್ಲಿಯ ಡೀನ್ಸ್ ಗ್ರೇಂಜ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಗಾಳಿ ಟಯರಿನ ಚರಿತ್ರೆಯನ್ನು ಅವನೇ ಬರೆದಿಟ್ಟಿದ್ದನು. ಅದು ಅವನು ಹೋದ ಮೇಲೆ ಪುಸ್ತಕವಾಗಿ ಹೊರಬಂದಿತು. ಬಹುಕಾಲದ ಬಳಿಕ ಬೆಲ್‌ಫಾಸ್ಟಿನ ಬ್ಯಾಂಕೊಂದು ತನ್ನ ೧೦ ಪೌಂಡಿನ ನೋಟಿನ ಮೇಲೆ ಅವನ ಚಿತ್ರವನ್ನು ಅಚ್ಚು ಹಾಕಿತು. ಈ ಬಾರಿ ಷೋಕಿಯ ಟೋಪಿಯಿರಲಿಲ್ಲ.

ಇನ್ನು ನನ್ನ ತಲೆಯ ಮೇಲಿದ್ದ ಭಾರ. ಅಣ್ಣನಿಗೆ ೧೫೦ ಎಂದು ದಪ್ಪಕ್ಷರದಲ್ಲಿ ಬರೆದ ಯಂತ್ರದ ಮೇಲೆ ಮನಸ್ಸಾಗಿತ್ತು. ಭೌತಶಾಸ್ತ್ರದ ಗುರುಗಳನ್ನು ಹೋಗಿ ಕೇಳಿದೆನು. ಕಲಾವಿಭಾಗದವನೆಂದು ತಿರಸ್ಕರಿಸದೆ ಅವರು ಕಾಗದ ತೆಗೆದು ಲೆಕ್ಕ ಹಾಕಿ ತೋರಿಸಿದರು. ನಮ್ಮ ಕಾರಿನ ಬಾಗಿಲ ಕಂಬದ ಚೀಟಿಯಲ್ಲಿರುವುದು ೩೩ ಪೌಂಡು, ಎಂದರೆ ಚದರಂಗುಲಕ್ಕೆ ಅಷ್ಟು ಒತ್ತಡ. ಒಂದೊಂದು ಗಾಲಿಯ ಮೇಲೆ ಮುನ್ನೂರು ಕಿಲೋದಷ್ಟು ಭಾರ. ಅದನ್ನು ಹೊತ್ತು ನೆಲ ಮುಟ್ಟುವ ಜಾಗ ಒಂದು ಅಂಗೈಯಗಲ. ೩೩ ಬೇಕಾದವನಿಗೆ ೧೫೦ರಿಂದ ಆಗಬೇಕಾದ್ದೇನು? ನೋಡಬೇಕಾದದ್ದು ಎಷ್ಟು ಒತ್ತಡ ಎಂಬುದನ್ನಲ್ಲ, ನಿಮಿಷಕ್ಕೆ ಎಷ್ಟು ಲೀಟರು ಗಾಳಿ ಎಂಬುದನ್ನು. ಅಂತಹ ಗಾಲಿಯೊಳಗೆ ಸುಮಾರು ೩೦ ಲೀಟರು ಜಾಗ. ಪೂರ್ತಿ ಇಳಿದದ್ದನ್ನು ೩೩ಕ್ಕೆ ತರಲು ಹೊರಗಿನ ಗಾಳಿ ಹತ್ತಿರಹತ್ತಿರ ೭೦ ಲೀಟರು ಬೇಕು. ಒತ್ತಡದ ಎದುರು ನಿಮಿಷಕ್ಕೆ ೧೦ ಲೀಟರು ನೂಕುವ ಯಂತ್ರಕ್ಕೆ ಏಳು ನಿಮಿಷ. ಡಬ್ಬಿಯ ಮೇಲೆ ಬರೆದ ಲೀಟರು ಎದುರೊತ್ತಡವಿಲ್ಲದಾಗಿನದು, ಗಾಲಿ ತುಂಬುತ್ತ ಬಂದಂತೆ ಅದು ಇಳಿಯುತ್ತದೆಂದು ಅವರು ಎಚ್ಚರಿಸಿದರು.

ಗಾಳಿಯನ್ನು ಅದುಮಿದರೆ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಸುಡುವುದನ್ನು ಬಲ್ಲವರಿಗೆ ಇದನ್ನು ಹೇಳಬೇಕಿಲ್ಲ. ಆದುದರಿಂದ ಸಣ್ಣ ಯಂತ್ರಗಳು ಹತ್ತು ಹದಿನೈದು ನಿಮಿಷ ಓಡಿ ವಿಶ್ರಾಂತಿ ಬೇಡುತ್ತವೆ. ಎಷ್ಟು ಹೊತ್ತು ಎಡೆಬಿಡದೆ ಓಡಬಲ್ಲದು ಎಂಬುದು ಡಬ್ಬಿಯ ಅತಿ ಸಣ್ಣ ಅಕ್ಷರದಲ್ಲಿರುತ್ತದೆ, ಅದನ್ನೇ ಮೊದಲು ಓದಬೇಕು. ಸಿಗರೇಟ್ ಲೈಟರಿನ ಕುಳಿಗೆ ಸಿಕ್ಕಿಸುವ ಯಂತ್ರವಾದರೆ ಆ ಕುಳಿಯ ಫ್ಯೂಸು ೧೦ ಆಂಪಿಯರಿನದೋ ೧೫ರದೋ ನೋಡಬೇಕು. ೧೨ ವೋಲ್ಟಿನಲ್ಲಿ ೧೦ ಆಂಪಿಯರೆಂದರೆ ೧೨೦ ವಾಟು, ಅದಕ್ಕೆ ಮೀರಿದರೆ ಫ್ಯೂಸು ಸುಡುತ್ತದೆ. ತನ್ನೊಳಗೇ ಬ್ಯಾಟರಿಯಿರುವ, ತಂತಿಯಿಲ್ಲದ ಯಂತ್ರಗಳು ನೋಡಲು ಚಂದ. ನನಗೆ ಅವೇ ಇಷ್ಟವಾಗಿದ್ದವು. ಅಣ್ಣನು ಬೇಡವೆಂದನು. ಡಿಕ್ಕಿಯಲ್ಲಿ ಮರೆತುಬಿಟ್ಟ ಸ್ಟೆಪ್ನಿಯಂತೆ ಡಿಕ್ಕಿಯಲ್ಲಿ ಮರೆತುಬಿಟ್ಟ ಬ್ಯಾಟರಿಯೂ ಬೇಕಾದ ರಾತ್ರಿಯಲ್ಲೇ ಖಾಲಿಯಾಗಿರುತ್ತದೆ. ಕಾರಿನ ಎಂಜಿನು ಓಡುತ್ತಿದ್ದರೆ ಕಾರಿನ ಬ್ಯಾಟರಿಗೆ ಆ ಭಯವಿಲ್ಲ. ಭೌತಶಾಸ್ತ್ರದ ಗುರುಗಳೂ ಹೇಳದಿದ್ದ ಮಾತು ಅದು.

ಎರಡು ಸಾವಿರ ರೂಪಾಯಿಯೊಳಗೆ, ಲೋಹದ ಸಿಲಿಂಡರಿನ, ಹಿಂದಿನ ಗಾಲಿಯವರೆಗೂ ಮುಟ್ಟುವ ಉದ್ದ ತಂತಿಯ, ವಾಲ್ವಿಗೆ ತಿರುಪಿ ಕೂರಿಸುವ ಬಾಯಿಯ ಯಂತ್ರವೊಂದು ಬಂದಿತು. ಬೇಕಾದ ಅಂಕೆಗೆ ಇಟ್ಟರೆ ತಾನಾಗಿ ನಿಲ್ಲುತ್ತದೆ. ಅದು ತೋರಿಸುವ ಅಂಕೆಯನ್ನು ಪೇಟೆಯ ಅಂಗಡಿಯ ಮಾಪಕದೊಡನೆ ಹೋಲಿಸಿ ನೋಡಿದೆವು. ಒಂದು ಪೌಂಡಿನ ವ್ಯತ್ಯಾಸ, ಅಷ್ಟೇ. ಬಂದ ಮರುದಿನ ಬೆಳಗ್ಗೆ, ಗಾಲಿಗಳು ತಣ್ಣಗಿರುವಾಗಲೇ ಅಳೆಯಬೇಕೆಂದು ಅಣ್ಣ ಬೇಗ ಎದ್ದಿದ್ದನು. ಓಡಿದ ಮೇಲೆ ಟಯರು ಬಿಸಿಯೇರಿ ಒತ್ತಡ ಹೆಚ್ಚು ತೋರಿಸುತ್ತದೆಂದು ನಾನು ಹೇಳಿಕೊಟ್ಟಿದ್ದೆನು. ಕಡಲಿನ ಉಪ್ಪುಗಾಳಿಗೆ ವಾಲ್ವಿನ ಟೋಪಿಗಳಲ್ಲಿ ಎರಡು ಕಿಲುಬು ಹಿಡಿದು ಬಿಚ್ಚಲೇ ಬರಲಿಲ್ಲ. ಕೊಬ್ಬರಿ ಎಣ್ಣೆ ಹಾಕಿ ಬಿಡಿಸಿದನು. ನಾಲ್ಕು ಗಾಲಿಗಳನ್ನು ಬಿಟ್ಟು ಅವನು ಮೊದಲು ಡಿಕ್ಕಿ ತೆರೆದನು. ಸ್ಟೆಪ್ನಿಯಲ್ಲಿ ೯ ಪೌಂಡಿತ್ತು. ನೆರೆಮನೆಯ ಅಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡು ಬೇಲಿಯ ಬಳಿ ನಿಂತು ನೋಡುತ್ತಿದ್ದಳು. ಯಂತ್ರದ ಸದ್ದಿಗೆ ಮಗು ಒಮ್ಮೆ ಬೆಚ್ಚಿ, ಆಮೇಲೆ ಸುಮ್ಮನಾಯಿತು. ಅಂಕೆ ೩೩ಕ್ಕೆ ಬಂದು ಸದ್ದು ನಿಂತಾಗ ಜಲಪಾತದ ಸದ್ದು ಕೇಳಿಸಿತು. ಅಣ್ಣ ಟೋಪಿ ತಿರುಪಿ, ಕೈಯೊರಸಿಕೊಂಡು, ಮುಂದಿನ ಗಾಲಿಗೆ ಹೋದನು.